ಕಾಲಡಿಯ ಬೆಳಕು

ಕಳೆದ ಬೇಸಿಗೆ ರಜೆಯಲ್ಲಿ ಅಮೆರಿಕದ ಸಿಯಾಟಲ್ ನಗರದ ಪಯೋನಿಯರ್ ಸ್ಕ್ವೇರ್ ಎಂಬ ಹಳೆಯ ಪೇಟೆಯಲ್ಲಿ ನಡೆಯುತ್ತಿದ್ದಾಗ, ನನ್ನ ತಂಗಿ ಥಟ್ಟನೆ ನಿಂತು, "ಅಣ್ಣಾ, ಕಾಲ ಕೆಳಗೆ ನೋಡು" ಎಂದಳು. ಫುಟ್‌ಪಾತಿನಲ್ಲಿ ಗಾಜಿನ ಬಿಲ್ಲೆಗಳು ಸಾಲುಸಾಲಾಗಿ ಕೂತಿದ್ದವು. ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣ. 1889ರ ಬೆಂಕಿಯಲ್ಲಿ ಈ ಪೇಟೆ ಸುಟ್ಟುಹೋದ ಮೇಲೆ ಬೀದಿಗಳನ್ನೇ ಎತ್ತರಿಸಿದರು. ಅಂಗಡಿಗಳ ಹಳೆಯ ನೆಲಮಟ್ಟ ನೆಲಮಾಳಿಗೆಯಾಯಿತು. ಅಲ್ಲಿಗೆ ಹಗಲನ್ನು ಇಳಿಸಲು ಕೂರಿಸಿದ ಗಾಜುಗಳಿವು. ಗಾಜಿನ ಹಸುರು ಛಾಯೆ ಕಳೆಯಲೆಂದು ಬೆರೆಸಿದ ಮ್ಯಾಂಗನೀಸ್, ದಶಕಗಳ ಬಿಸಿಲುಂಡು ನೇರಳೆಯಾಗಿದೆ.

ನಾನು ಕನ್ನಡ ಪಾಠ ಹೇಳುವವನು. ಗಾಜಿನ ವಿಚಾರ ನನಗೆ ಸಂಬಂಧಪಟ್ಟದ್ದಲ್ಲ. ಆದರೂ ಊರಿಗೆ ಮರಳಿದ ಮೇಲೂ ಅದು ನನ್ನನ್ನು ಬಿಡಲಿಲ್ಲ, ಹುಡುಕಿ ಓದಿದೆ. ಕಬ್ಬಿಣದ ತಟ್ಟೆಯಲ್ಲಿ ದಪ್ಪ ಗಾಜುಗಳನ್ನು ಕೂರಿಸಿ ಫುಟ್‌ಪಾತಿಗೆ ಹಾಸುವ ಉಪಾಯಕ್ಕೆ 1845ರಲ್ಲಿ ಅಮೆರಿಕದ ಥೇಡಿಯಸ್ ಹಯಾಟ್ ಪೇಟೆಂಟ್ ಪಡೆದ. ವಿದ್ಯುದ್ದೀಪವಿಲ್ಲದ ಕಾಲ, ದೀಪವೆಂದರೆ ಖರ್ಚು, ಹೊಗೆ, ಬೆಂಕಿಯ ಭಯ. ಮುಂದೆ ಗಾಜಿನ ಅಡಿಯನ್ನು ಪಟ್ಟಕದ ಆಕಾರದಲ್ಲಿ ಎರೆದು, ನೇರ ಕೆಳಗೆ ಬೀಳುವ ಬೆಳಕನ್ನು ಕೋಣೆಯ ಒಳಭಾಗಕ್ಕೆ ತಿರುಗಿಸಿದರು. ಈ ಹಯಾಟ್ ಗುಲಾಮಗಿರಿಯ ಕಡುವಿರೋಧಿ. ಜಾನ್ ಬ್ರೌನನ ಬಂಡಾಯವನ್ನು ವಿಚಾರಣೆ ಮಾಡುತ್ತಿದ್ದ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿಯಲೊಲ್ಲದೆ, 1860ರಲ್ಲಿ ಸುಮಾರು ಮೂರು ತಿಂಗಳು ಸೆರೆಮನೆಯಲ್ಲಿದ್ದ.

ಇಂಥವನ ಗಾಜಿನಿಂದ ಕತ್ತಲೆಯಲ್ಲಿದ್ದವರಿಗೆ ಬೆಳಕು ಸಿಕ್ಕಿತು, ನಿಜ. ಅದೇ ಬೆಳಕಿನಿಂದ ನೆಲಮಾಳಿಗೆ ಬಾಡಿಗೆ ತರುವ ಕೋಣೆಯೂ ಆಯಿತು. ಮನುಷ್ಯರನ್ನು ನೆಲದಡಿ ಕೂರಿಸಿ ದುಡಿಸುವುದು ಸುಲಭವೂ ಆಯಿತು. ಕಷ್ಟವನ್ನು ಸಹ್ಯಗೊಳಿಸುವ ಉಪಕಾರವು ಆ ಕಷ್ಟವನ್ನೇ ಕಾಯಂ ಮಾಡುವುದಾದರೆ, ಅದು ಉಪಕಾರವೇ?

ಈ ಪ್ರಶ್ನೆ ನನಗೆ ಹೊಸದಲ್ಲ. ನಮ್ಮ ಮಲೆನಾಡಿನ ಮನೆಯ ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಮಂಗಳೂರು ಹೆಂಚುಗಳ ನಡುವೆ ಅಪ್ಪ ಎರಡು ಗಾಜಿನ ಹೆಂಚು ಹಾಕಿಸಿದ್ದರು. ಪೂರ್ವದ ಗೋಡೆಗೊಂದು ಕಿಟಕಿ ಬೇಕೆಂದು ಅಮ್ಮ ಕೇಳಿದಾಗಲೆಲ್ಲ ಅವರ ಉತ್ತರ ಒಂದೇ: "ಬೆಳಕು ಬರುತ್ತಿದೆಯಲ್ಲ!" ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಹೊಗೆಯನ್ನು ಹೊರಗೆ ಬಿಡುವುದಿಲ್ಲ. ಆ ಬಿಸಿಲುಕೋಲಿನಲ್ಲಿ ಸೌದೆ ಒಲೆಯ ಹೊಗೆ ಸುಳಿಯುವುದನ್ನು ಮಕ್ಕಳಾದ ನಾವು ಚೆಂದವೆಂದು ನೋಡುತ್ತಿದ್ದೆವು. ಅಮ್ಮ ಕೆಮ್ಮುತ್ತಿದ್ದಳು.

ಈಗ ಎಪ್ಪತ್ತು ದಾಟಿರುವ ಅಮ್ಮನ ಮುಂದೆ ಈಚೆಗೆ ನನ್ನ ತರ್ಕವನ್ನಿಟ್ಟೆ: "ಆ ಹೆಂಚು ಹಾಕಿಸದಿದ್ದರೇ ಒಳ್ಳೆಯದಿತ್ತು. ಕತ್ತಲೆ ತಡೆಯಲಾರದೆ ಅಪ್ಪ ಕಿಟಕಿ ಇಡಿಸುತ್ತಿದ್ದರು."

ಅಮ್ಮ ನಕ್ಕಳು. "ಕತ್ತಲೆಯಲ್ಲಿ ಇದ್ದದ್ದು ನಾನು ಕಣೋ, ನಿಮ್ಮಪ್ಪ ಅಲ್ಲ. ಹೆಂಚೂ ಇಲ್ಲದಿದ್ದರೆ ನಿನ್ನ ಅನ್ನದಲ್ಲಿ ಕಲ್ಲು ಇರುತ್ತಿತ್ತು, ಅಷ್ಟೆ. ಹಾಕಿಸಿದ್ದು ತಪ್ಪಲ್ಲ. ಹಾಕಿಸಿ ಆಯಿತಲ್ಲ ಅಂತ ಸುಮ್ಮನಾದರಲ್ಲ, ಅದು ತಪ್ಪು."

ನನ್ನ ತರ್ಕದ ದೋಷ ಆಗ ತಿಳಿಯಿತು. ಕಷ್ಟ ಹೆಚ್ಚಿದರೆ ನ್ಯಾಯ ಬೇಗ ಬರುತ್ತದೆಂದು ಲೆಕ್ಕ ಹಾಕುವವನು ಸಾಮಾನ್ಯವಾಗಿ ಆ ಕಷ್ಟದಲ್ಲಿ ಇರುವವನಲ್ಲ. ಗಾಜಿನ ಹೆಂಚನ್ನು ಇಂದೇ ಹಾಕಿಸಬೇಕು. ಆದರೆ ಅದರಿಂದ ಕಿಟಕಿಯ ಸಾಲ ತೀರಿತೆಂದು ತಿಳಿಯಬಾರದು. ಹಯಾಟನಾದರೂ ಗಾಜು ಮಾರಿ ತೃಪ್ತನಾಗಿ ಕೂರಲಿಲ್ಲ. ಇನ್ನೊಂದು ಕತ್ತಲೆಗಾಗಿ ಸೆರೆಮನೆಗೂ ಹೋದ.

ಕಳೆದ ತಿಂಗಳು ನಮ್ಮ ವಸತಿಕಟ್ಟಡದ ಸಭೆಯಲ್ಲಿ, ನೆಲಮಾಳಿಗೆಯಲ್ಲಿರುವ ಕಾವಲುಗಾರನ ಕೋಣೆಗೆ ಹೊಸ ದೀಪ ಹಾಕಿಸಲು ನಿರ್ಣಯಿಸಿದೆವು. ನಾನೂ ಸಂತೋಷದಿಂದ ಕೈಯೆತ್ತಿದೆ. ಆ ಕೋಣೆಯಲ್ಲಿ ಅವನ ಹೆಂಡತಿ ಅಡಿಗೆ ಮಾಡುತ್ತಾಳೆ, ಮಗು ಓದುತ್ತದೆ. ಗಾಳಿಯ ಮಾತನ್ನು ಯಾರೂ ಎತ್ತಲಿಲ್ಲ. ಮುಂದಿನ ಸಭೆಯಲ್ಲಿ ನಾನು ಎತ್ತಬೇಕಾಗಿದೆ. "ದೀಪ ಹಾಕಿಸಿದೆವಲ್ಲ, ಸ್ವಾಮಿ!" ಎಂಬ ಉತ್ತರ ಬರುವುದು ಖಂಡಿತ. ಅದು ಅಪ್ಪನ ದನಿಯಲ್ಲೇ ಈಗಲೇ ನನಗೆ ಕೇಳಿಸುತ್ತಿದೆ.