ನೀರು ಕವಲೊಡೆಯುವ ನೆತ್ತಿ

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಕುದುರೆಮುಖದ ಕಡೆಗೆ ಕಾರಿನಲ್ಲಿ ಏರುವವರಿಗೆ ಘಟ್ಟವೆಂದರೆ ಒಂದಷ್ಟು ತಿರುವು, ತಣ್ಣನೆ ಗಾಳಿ, ಒಂದೆರಡು ಫೋಟೋ. ಅದೇ ಸೀಮೆಯನ್ನು ಕೆಲವು ದಿನ ಕಾಲ್ನಡಿಗೆಯಲ್ಲಿ ಸುತ್ತಿದಾಗ ಸಿಗುವುದು ಬೇರೆಯೇ ಒಂದು ಲೋಕ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ಸ್ಥಳೀಯ ಗೈಡ್ ಇರಬೇಕು. ಕಾಡಿನೊಳಗೆ ರಾತ್ರಿ ತಂಗುವಂತಿಲ್ಲ. ಬೆಳಗ್ಗೆ ಹತ್ತಿ, ಸಂಜೆ ಸಂಸೆಯಂಥ ಊರಿಗೆ ಇಳಿದು, ಯಾರದೋ ಮನೆಯಲ್ಲಿ ಗಂಜಿ ಉಂಡು ಮಲಗಿ, ಮರುದಿನ ಇನ್ನೊಂದು ಬೆಟ್ಟಕ್ಕೆ ಹೊರಡಬೇಕು. ಇದು ಒಳ್ಳೆಯ ಕ್ರಮವೆಂದೇ ನನ್ನ ಎಣಿಕೆ. ರಾತ್ರಿಯ ಕಾಡು ಕಾಡಿನವರದ್ದು.

ಘಟ್ಟದ ಬುಡದ ಕಾಡಿನಲ್ಲಿ ಹಗಲೂ ಮಬ್ಬು. ಧೂಪ, ಹೆಬ್ಬಲಸು, ನಾಗಸಂಪಿಗೆ ಒಂದರ ಮೇಲೊಂದು ಚಪ್ಪರ ಹಾಕಿರುತ್ತವೆ. ಕಾಲಿಗೆ ಬೆತ್ತದ ಮುಳ್ಳು, ಕಾಲುಚೀಲಕ್ಕೆ ಇಂಬಳ. ನಮ್ಮ ಕಣ್ಣಿಗೆ ಬರೀ ಹಸಿರು. ಮುಂದೆ ನಡೆಯುವ ಗೈಡ್‌ಗೆ ಅದರೊಳಗೆ ಸಿಂಗಳೀಕ ತಿಂದು ಬಿಸುಟ ಹಣ್ಣು ಕಾಣುತ್ತದೆ. "ಸ್ವಲ್ಪ ನಿಲ್ಲಿ ಮಾರಾಯ್ರೆ, ಗಡಿಬಿಡಿ ಯಾಕೆ?" ಎಂದು ಅವರು ತೊರೆಯ ಪಕ್ಕ ನಿಲ್ಲಿಸಿ ತೋರಿಸಿದ್ದು ಒಂದು ಕಪ್ಪೆ. ಹೆಬ್ಬೆರಳಿನ ತುದಿಯಷ್ಟು ದೊಡ್ಡದು. ಒದ್ದೆ ಬಂಡೆಯ ಮೇಲೆ ಕೂತು ಹಿಂಗಾಲೊಂದನ್ನು ಚಾಚಿ, ಬೆರಳ ನಡುವಿನ ಪೊರೆ ಹರಡಿ, ಮತ್ತೆ ಮಡಿಸಿತು. ಕುಣಿಯುವ ಕಪ್ಪೆ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ಈ ಕಪ್ಪೆಗಳ ಒಂದು ಪ್ರಭೇದದ ವೈಜ್ಞಾನಿಕ ಹೆಸರಿನಲ್ಲಿ ನಮ್ಮ ಘಟ್ಟದ ಕೊಟ್ಟಿಗೆಹಾರ ಎಂಬ ಊರೇ ಇದೆ. ನೀರಿನ ಭೋರ್ಗರೆತದಲ್ಲಿ ಕೂಗು ಮುಳುಗಿಹೋಗುವುದರಿಂದ ಗಂಡು ಕಾಲು ಬೀಸಿ ಸಂದೇಶ ಕಳಿಸುತ್ತದೆ. ಎಷ್ಟು ಸಾವಿರ ತಲೆಮಾರು ಈ ಗದ್ದಲದ ನಡುವೆ ಬಾಳಿ ಆ ಸನ್ನೆ ಮೂಡಿತೋ! ಈ ಕಾರಣವನ್ನು ತಿಳಿದ ಮೇಲೂ ನನ್ನ ಬೆರಗು ಒಂದಿಷ್ಟೂ ಇಳಿಯಲಿಲ್ಲ. ತಿಳಿವಳಿಕೆ ಬಂದರೆ ವಿಸ್ಮಯ ಹೋಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೇಲೇರುತ್ತಿದ್ದಂತೆ ಒಂದು ಜಾಗದಲ್ಲಿ ಮರಗಳು ಥಟ್ಟನೆ ಮುಗಿಯುತ್ತವೆ. ಮುಂದೆಲ್ಲ ಹುಲ್ಲು, ಗಾಳಿ, ಮಂಜು. ಬೆಟ್ಟಗಳ ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರಿನ ಶೋಲಾ ಕಾಡು, ನೀರಿನ ದಾರಿ ಹಿಡಿದು ಕೂತಂತೆ. ಮರ ಮಡಿಕೆಯಲ್ಲೇ ಯಾಕೆ, ಬೋಳು ಮೈಯಲ್ಲಿ ಹುಲ್ಲೇ ಯಾಕೆ? ಗಾಳಿ, ಬೆಂಕಿ, ತೆಳು ಮಣ್ಣು, ಇಬ್ಬನಿ ಹೆಪ್ಪುಗಟ್ಟುವ ಚಳಿ ಎಂದು ವಿಜ್ಞಾನಿಗಳು ಇವತ್ತಿಗೂ ಚರ್ಚಿಸುತ್ತಿದ್ದಾರೆ.

ಕುದುರೆಮುಖದ ಶಿಖರ 1,894 ಮೀಟರ್. ಸಮುದ್ರದಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುವುದರಿಂದ ಈ ಹೆಸರು ಎನ್ನುತ್ತಾರೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಶಿಖರವಲ್ಲ, ಅದರ ಸುತ್ತಲಿನ ಬೆಟ್ಟಗಳ ನೆತ್ತಿಸಾಲು. ಅರಬ್ಬೀ ಸಮುದ್ರದಿಂದ ಹೊರಟ ಮೋಡ ಬಂದು ಬಡಿಯುವ ಗೋಡೆ ಇದು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ನೆಲ. ಮಂಜು ಸರಿದಾಗ ಗೈಡ್ ಗಂಗಾಮೂಲದ ದಿಕ್ಕಿಗೆ ಕೈ ತೋರಿಸಿದರು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಅಲ್ಲೇ ಹುಟ್ಟುತ್ತವೆ ಎಂಬುದು ಇಲ್ಲಿಯವರ ನಂಬಿಕೆ. ನೆತ್ತಿಯ ಪಡುವಣಕ್ಕೆ ಬಿದ್ದ ಹನಿ ನೇತ್ರಾವತಿಯಾಗಿ ಮಂಗಳೂರಿನ ಅಳಿವೆಯಲ್ಲಿ ಬಂದ ಕಡಲಿಗೇ ಮರಳುತ್ತದೆ. ಮೂಡಣಕ್ಕೆ ಬಿದ್ದದ್ದು ತುಂಗೆಯೊಡನೆ ಶೃಂಗೇರಿ ನೋಡಿ, ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹಂಪಿಯ ಬಂಡೆಗಳ ನಡುವೆ ನುಸುಳಿ, ಕೃಷ್ಣೆಯ ಹೆಸರಿನಲ್ಲಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮೋಡದ ಎರಡು ಹನಿಗಳಿಗೆ ಒಂದು ಮಾರಿನ ಅಂತರದಲ್ಲಿ ಎರಡು ಸಮುದ್ರ. ಭೂಪಟದಲ್ಲಿ ಬಾಲ್ಯದಿಂದ ನೋಡಿದ ಗೆರೆ ಅದು. ಅದರ ಮೇಲೆ ಒದ್ದೆ ಹುಲ್ಲಿನಲ್ಲಿ ನಿಂತಾಗ ಮಾತು ಹೊರಡಲಿಲ್ಲ.

ಇದೇ ಬೆಟ್ಟಗಳನ್ನು ದಶಕಗಳ ಕಾಲ ಕಬ್ಬಿಣದ ಅದಿರಿಗಾಗಿ ಅಗೆದದ್ದೂ ನಿಜ. ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಜನರ ಹೋರಾಟ ಮತ್ತು ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ತೀರ್ಪು ನಮ್ಮ ನಾಡಿಗೆ ಸಿಕ್ಕ ದೊಡ್ಡ ಭಾಗ್ಯ ಎಂದು ಆ ನೆತ್ತಿಯ ಮೇಲೆ ನಿಂತವರಿಗೆ ಯಾರೂ ವಾದಿಸಿ ತಿಳಿಸಬೇಕಿಲ್ಲ.

ಅಲ್ಲಿಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ. ಶಿಖರ ಮುಟ್ಟಿ ಬರುವ ಅವಸರದಲ್ಲಿ ಗೈಡ್ ಅವರನ್ನು ಹಿಂದೆ ಹಾಕಬೇಡಿ. ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ, ಮರದ ಹೆಸರು ಕೇಳಿ, ತೊರೆ ಸಿಕ್ಕಲ್ಲಿ ನಿಲ್ಲಿ. ಆ ತೊರೆಗೆ ಸೋಪು, ಪ್ಲಾಸ್ಟಿಕ್ ಯಾವುದೂ ಬೀಳದಿರಲಿ. ಮಂಗಳೂರಿಗೆ ತುಂಬೆಯ ಅಣೆಕಟ್ಟಿನಿಂದ ಬರುವ ಕುಡಿಯುವ ನೀರು ಇಂಥ ತೊರೆಗಳು ಸೇರಿ ಹರಿಯುವ ನೇತ್ರಾವತಿಯದು.