ಅಗ್ಗದ ಪಾನೀಯವೂ ರಸವಿಚಾರವೂ

ರುಚಿಯೆಂಬುದು ಪದಾರ್ಥದಲ್ಲಿ ನೆಲೆಸಿರುವ ಗುಣವೋ, ಸವಿಯುವವನ ಚಿತ್ತವೃತ್ತಿಯೋ, ಅಥವಾ ಆ ಪದಾರ್ಥಕ್ಕೆ ಪೇಟೆಯು ಕಟ್ಟಿದ ಬೆಲೆಯ ನೆರಳೋ ಎಂಬ ಪ್ರಶ್ನೆಯನ್ನು ಅಲಂಕಾರಶಾಸ್ತ್ರದ ಗ್ರಂಥಗಳ ನಡುವೆ ಕುಳಿತು ವಿಚಾರಿಸುವುದು ಒಂದು ರೀತಿ, ಜೆ.ಪಿ. ನಗರದ ಮಹಡಿಯೊಂದರಲ್ಲಿ, ಸಂಜೆಯ ಹೊತ್ತು, ಹಳೆಯ ಸ್ನೇಹಿತನು ಮುಂದಿಟ್ಟ ಅಗ್ಗದ ಯು.ಬಿ. ಎಕ್ಸ್‌ಪೋರ್ಟ್ ಬಿಯರಿನ ಲೋಟವನ್ನು ಕೈಯಲ್ಲಿ ಹಿಡಿದು ವಿಚಾರಿಸುವುದು ಇನ್ನೊಂದು ರೀತಿ. ಎರಡನೆಯದನ್ನು ಹೀನವೆಂದು ತಳ್ಳಿಬಿಡುವವರೊಡನೆ ನನಗೆ ಸಹಮತವಿಲ್ಲ.

ಈ ಸೀಸೆಗೂ ಒಂದು ವಂಶಾವಳಿಯುಂಟು. 1857ರ ಕ್ಯಾಸಲ್ ಬ್ರೂವರಿ, 1885ರ ಬ್ಯಾಂಗಲೂರ್ ಬ್ರೂಯಿಂಗ್ ಕಂಪನಿ ಮೊದಲಾದ ದಕ್ಷಿಣದೇಶದ ಐದು ಕಾರ್ಖಾನೆಗಳನ್ನು ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ಎಂಬಾತನು 1915ರಲ್ಲಿ ಒಂದುಗೂಡಿಸಿದುದರಿಂದ ಯುನೈಟೆಡ್ ಬ್ರೂವರೀಸ್ ಹುಟ್ಟಿತು. ಬ್ರಿಟಿಷ್ ದಂಡಿನ ಸಿಪಾಯಿಗಳಿಗೆಂದು ಪೀಪಾಯಿಗಳು ಎತ್ತಿನ ಗಾಡಿಗಳಲ್ಲಿ ಸಾಗುತ್ತಿದ್ದುವು. 1947ರಲ್ಲಿ ವಿಠ್ಠಲ ಮಲ್ಯರು ಆಡಳಿತಮಂಡಳಿಯನ್ನು ಸೇರಿದರು. ಹಿಂದೆ ಕಾರ್ಖಾನೆಯಿದ್ದ ನೆಲದ ಮೇಲೆ ಈಗ ಯು.ಬಿ. ಸಿಟಿಯ ಗೋಪುರಗಳೆದ್ದು ಶ್ರೀಮಂತರ ಪೇಟೆಯಾಗಿವೆ. ಅದೇ ಹೆಸರಿನ ಅಗ್ಗದ ಸೀಸೆ ಬೀದಿಯ ಜನರ ಪಾಲಿಗೆ ಉಳಿದಿದೆ.

ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದಾಗ ಅದು ನಾಲಗೆಗೆ ಏನನ್ನೂ ಹೇಳಲಿಲ್ಲ. ಅತಿಶೈತ್ಯವು ಪರಿಮಳವನ್ನೂ ಸಿಹಿಯನ್ನೂ ಅಡಗಿಸಿಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ನೊರೆಯಿಳಿದ ಮೇಲೆ ಮೂಸಿದರೆ, ಒಲೆಯ ಮೇಲೆ ನುಚ್ಚು ಬೇಯುವಾಗಿನ ವಾಸನೆ. ಬಾಯಲ್ಲಿ ಧಾನ್ಯದ ತೆಳುವಾದ ಸಿಹಿ. ಕೊನೆಗೆ ಹಾಪ್ಸ್ ಹೂವಿನ ಕಹಿ ಬಂದಿತು, ಬಂದಷ್ಟೇ ಬೇಗ ಹೋಯಿತು. ಗಂಭೀರವಾದ ಪಾನೀಯವಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ಸಪ್ಪೆಯೆಂದು ಕೇಳಿ ಕೇಳಿ ನಂಬಿದ್ದ ಈ ವಸ್ತುವಿನಲ್ಲಿ ಇಷ್ಟಾದರೂ ಇತ್ತಲ್ಲ ಎಂಬ ಸಂತೋಷವು ನನಗೆ ಚಿಕ್ಕದೆಂದು ತೋರಲಿಲ್ಲ. ಏಲಕ್ಕಿ, ಮೆಣಸು, ಬೆಲ್ಲಗಳು ತಮ್ಮ ತಮ್ಮ ಪ್ರತ್ಯೇಕತೆಯನ್ನು ಬಿಟ್ಟು ಪಾನಕದಲ್ಲಿ ಒಂದೇ ರಸವಾಗುವುದನ್ನು ನಮ್ಮ ಆಲಂಕಾರಿಕರು ಕಾವ್ಯಾನುಭವಕ್ಕೆ ದೃಷ್ಟಾಂತವಾಗಿ ಹಿಡಿದರು. ಅದಕ್ಕೂ ಹಿಂದೆ, ಬಗೆಬಗೆಯ ವ್ಯಂಜನಗಳಿಂದ ಕೂಡಿದ ಅನ್ನವನ್ನು ಪ್ರಸನ್ನಮನಸ್ಕರು ಸವಿಯುವುದನ್ನು ಭರತಮುನಿಯು ನಾಟ್ಯರಸಕ್ಕೆ ಹೋಲಿಸಿದ್ದನು. ಉಣ್ಣುವವನ ಮನಸ್ಸು ತಿಳಿಯಾಗಿರಬೇಕೆಂದನೇ ಹೊರತು, ಅನ್ನವು ದುಬಾರಿಯಾಗಿರಬೇಕೆಂದು ಅವನು ಎಲ್ಲಿಯೂ ವಿಧಿಸಲಿಲ್ಲ.

ಇಲ್ಲಿ ಧರ್ಮಶಾಸ್ತ್ರವು ಅಡ್ಡಬರುತ್ತದೆ, ಬರಲೂ ಬೇಕು. ಸುರಾಪಾನವನ್ನು ಮಹಾಪಾತಕಗಳಲ್ಲಿ ಎಣಿಸಿದ ಮನು, ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರಾಗಿ ವಿಂಗಡಿಸಿದನು. ಧಾನ್ಯದಿಂದಾದ ಬಿಯರು ಪೈಷ್ಟಿಯ ಕುಲಕ್ಕೆ ಸೇರತಕ್ಕದ್ದು. ಆದರೆ ಸ್ಮೃತಿಕಾರನು ಸುರೆಯ ಬೆಲೆಯನ್ನು ಕೇಳಲಿಲ್ಲ. 1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾಗಿ ಸೇಲಂ ಜಿಲ್ಲೆಯಿಂದ ಪಾನನಿರೋಧವನ್ನು ಆರಂಭಿಸಿದ ರಾಜಾಜಿಯವರೂ ಕೇಳಲಿಲ್ಲ. ಅದೇ ರಾಜಾಜಿಯವರು 1948ರಲ್ಲಿ ಗವರ್ನರ್ ಜನರಲ್ ಆಗಿ ಬಂದು ಉದ್ಘಾಟಿಸಿದ ಜಯನಗರದ ಆಸುಪಾಸಿನಲ್ಲಿ ವಾಸಿಸುವ ನಾವು ಮಾತ್ರ ಕೇಳುತ್ತೇವೆ: ದೀಪಾಲಂಕೃತವಾದ ಮೈಕ್ರೋಬ್ರೂವರಿಯಲ್ಲಿ ಕುಡಿದ ದುಬಾರಿ ಲೋಟವು ಅಭಿರುಚಿಯೆನಿಸುತ್ತದೆ, ಬನಶಂಕರಿಯ ವೈನ್ ಶಾಪಿನ ಗೋಡೆಗೆ ಒರಗಿ ಗಾರೆ ಕೆಲಸದವನು ಕುಡಿದ ಸೀಸೆಯು ದುರ್ವ್ಯಸನವೆನಿಸುತ್ತದೆ. ದೋಷವು ಪಾನದಲ್ಲಿಯೇ ಇದ್ದಲ್ಲಿ ಎರಡರಲ್ಲಿಯೂ ಇರತಕ್ಕದ್ದು. ಪಾನಮಾಡುವವನ ಮನಸ್ಸಿನಲ್ಲಿದ್ದಲ್ಲಿ ಅದನ್ನು ರೂಪಾಯಿಯಿಂದ ಅಳೆಯಲಾಗದು. ಬೆಲೆಯು ಕೇವಲ ಉಪಾಧಿ. ಅದನ್ನೇ ವಸ್ತುವಿನ ಸ್ವರೂಪವೆಂದು ಭ್ರಮಿಸುವುದನ್ನು ವೇದಾಂತಿಗಳು ಅಧ್ಯಾಸವೆಂದರು. ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ಹೆಂಡದ ಮಾರಯ್ಯನೂ ಒಬ್ಬನೆಂಬುದನ್ನು, ಧರ್ಮೇಶ್ವರಲಿಂಗವೆಂಬ ಅಂಕಿತದ ಅವನ ವಚನಗಳಲ್ಲಿ ಹೆಂಡ ಮಾರುವ ಕಸುಬೇ ಅನುಭಾವದ ಭಾಷೆಯಾಯಿತೆಂಬುದನ್ನು ನೆನೆದರೆ, ಈ ಭ್ರಮೆಯಿಂದ ಪಾರಾಗುವ ದಾರಿಯು ನಮ್ಮಲ್ಲಿಯೇ ಇತ್ತೆಂದು ತಿಳಿಯುತ್ತದೆ.

ಇಷ್ಟು ಹೇಳಿ ಮದದ ಹಾನಿಯನ್ನು ಮರೆಯಲಾರೆ. 2007ರ ಜುಲೈಯಲ್ಲಿ ಕರ್ನಾಟಕವು ಸಾರಾಯಿಯನ್ನು ನಿಷೇಧಿಸಿದುದರ ಹಿಂದೆ ಹಾಳಾದ ಸಂಸಾರಗಳ ಸಂಕಟವಿತ್ತು. ನಮ್ಮ ದೇಶದಲ್ಲಿ ಹೆಚ್ಚಾಗಿ ಮಾರಾಟವಾಗುವುದು ಸ್ಟ್ರಾಂಗ್ ಬಿಯರೇ. ದಿನವೆಲ್ಲ ಇಟ್ಟಿಗೆ ಹೊತ್ತವನು ಕೊಟ್ಟ ದುಡ್ಡಿಗೆ ಎಷ್ಟು ಮತ್ತು ಬಂದೀತೆಂದು ಲೆಕ್ಕಹಾಕುವುದು ಸಹಜ. ಕುಳಿತು ಸವಿಯುವುದಕ್ಕೆ ಅವನಿಗೆ ಸ್ಥಳವಿಲ್ಲ, ವೇಳೆಯಿಲ್ಲ; ಭರತನು ಬೇಡಿದ ಪ್ರಸನ್ನಮನಸ್ಸನ್ನು ಅವನ ದುಡಿಮೆಯು ಉಳಿಸಿಕೊಡುವುದಿಲ್ಲ. ಅಬಕಾರಿಯ ಆದಾಯವಾದರೋ ಸರ್ಕಾರದ ಬೊಕ್ಕಸವನ್ನು ಸೇರಿ, ಅವನು ಗೋಡೆಗೊರಗಿ ಕುಡಿದ ಸೀಸೆಯ ಸುಂಕದಲ್ಲಿ ನಮ್ಮೆಲ್ಲರ ರಸ್ತೆಗಳೂ ಶಾಲೆಗಳೂ ಪಾಲು ಪಡೆಯುತ್ತಿವೆ. ಮಹಾಪಾತಕಗಳು ನಾಲ್ಕೆಂದು ಹೇಳಿ ನಿಲ್ಲಿಸದೆ, ಆ ಪಾತಕಿಗಳೊಡನೆ ಸಂಸರ್ಗವಿಟ್ಟುಕೊಳ್ಳುವುದನ್ನು ಐದನೆಯದಾಗಿ ಮನು ಎಣಿಸಿದ್ದಾನೆ. ಅವನ ಮಾತನ್ನೇ ಪ್ರಮಾಣವೆಂದು ಹಿಡಿಯುವವರು ಆ ಐದನೆಯದನ್ನೂ ಓದಿಕೊಳ್ಳಬೇಕಾಗುತ್ತದೆ.