ತಣ್ಣಗಾದದ್ದೆಲ್ಲ ತಣಿದದ್ದಲ್ಲ

ಸಂತೆಯಲ್ಲಿ ಹುರುಳಿಕಾಯಿ ಅಗ್ಗವಾದ ವಾರ ಅಡುಗೆಮನೆಗೆ ಬೇಕಾದ್ದಕ್ಕಿಂತ ಹೆಚ್ಚೇ ಬಂದು ಬೀಳುತ್ತದೆ. ಪಲ್ಯವಾಯಿತು, ಹುಳಿಯಾಯಿತು, ಭಾನುವಾರ ಪೂರಿಗೆ ಸಾಗೂ ಆಯಿತು. ಇನ್ನೂ ಅರ್ಧ ಚೀಲ ಉಳಿದಿದೆ. ‘ಫ್ರೀಜರ್‌ಗೆ ಹಾಕಿಬಿಡಿ, ಏನೂ ಆಗೋದಿಲ್ಲ’ ಎನ್ನುವ ಸಲಹೆ ಈಗ ಎಲ್ಲ ಕಡೆಯೂ ಸಿಗುತ್ತದೆ. ಹಸಿಯಾಗಿಯೇ ಹಾಕಿಟ್ಟು ಕೆಲವು ತಿಂಗಳ ಮೇಲೆ ತೆಗೆದು ನೋಡಿದರೆ ಕಾಯಿ ಕೊಳೆತಿರುವುದಿಲ್ಲ, ನಿಜ. ಆದರೆ ಹಸಿರು ಮಾಸಿರುತ್ತದೆ, ಒಣಹುಲ್ಲಿನ ವಾಸನೆ ಹತ್ತಿರುತ್ತದೆ, ಎಷ್ಟು ಒಗ್ಗರಣೆ ಹಾಕಿದರೂ ರುಚಿ ಹತ್ತುವುದಿಲ್ಲ.

ಗಿಡದಿಂದ ಕಿತ್ತ ಮಾತ್ರಕ್ಕೆ ಕಾಯಿಯೊಳಗಿನ ಕೆಲಸ ನಿಲ್ಲುವುದಿಲ್ಲ. ಅದನ್ನು ಬೆಳೆಸಿ ಬಲಿಸುತ್ತಿದ್ದ ಕಿಣ್ವಗಳು ಕಿತ್ತ ಮೇಲೂ ದುಡಿಯುತ್ತಲೇ ಇರುತ್ತವೆ. ಬಣ್ಣ, ರುಚಿ, ಜೀವಸತ್ವಗಳನ್ನು ಒಂದೊಂದಾಗಿ ಕಳೆಯುತ್ತವೆ. ಮೈನಸ್ 18 ಡಿಗ್ರಿಯ ಚಳಿ ಅವುಗಳ ವೇಗವನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ. ನಿಲ್ಲಿಸುವ ಶಕ್ತಿ ಇರುವುದು ಬಿಸಿಗೆ. ಹಾಗಾಗಿ ತಣ್ಣಗಿಡಬೇಕಾದ ತರಕಾರಿಯನ್ನು ಮೊದಲು ಕುದಿಯುವ ನೀರಿಗೆ ಹಾಕಬೇಕು. ಬ್ಲಾಂಚಿಂಗ್ ಎಂದರೆ ಇಷ್ಟೇ.

ಕೆಲಸವೇನೂ ದೊಡ್ಡದಲ್ಲ. ಮುರಿದರೆ ಟಕ್ಕನೆ ಸದ್ದಾಗುವ ಎಳೆಯ ಕಾಯಿ ಆರಿಸಿ, ತೊಳೆದು, ತೊಟ್ಟು ಮುರಿದು, ನಾರಿದ್ದರೆ ಎಳೆದು, ಒಂದೇ ಅಳತೆಗೆ ಹೆಚ್ಚಿಕೊಳ್ಳಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುವಿಧಾದಂಥ ತಳಿಯಾದರೆ ನಾರಿನ ತಾಪತ್ರಯವೂ ಇಲ್ಲ. ಅರ್ಧ ಕೆಜಿ ಕಾಯಿಗೆ ಸುಮಾರು 4 ಲೀಟರ್ ನೀರು ಇಡಬೇಕು. ನೀರು ಕಡಿಮೆಯಾದರೆ ಕಾಯಿ ಬಿದ್ದೊಡನೆ ಕುದಿ ಅಡಗಿಬಿಡುತ್ತದೆ. ಒಂದು ನಿಮಿಷದೊಳಗೆ ನೀರು ಮತ್ತೆ ಕುದಿ ಹಿಡಿಯಬೇಕು. ಅಲ್ಲಿಂದ 3 ನಿಮಿಷ. ಆಮೇಲೆ ತಡಮಾಡದೆ ಐಸ್ ನೀರಿಗೆ, ಅಲ್ಲೂ ಅಷ್ಟೇ ಹೊತ್ತು. ಇಲ್ಲದಿದ್ದರೆ ಒಲೆಯಿಂದ ಇಳಿಸಿದ ಮೇಲೂ ಕಾಯಿ ಒಳಗಿನ ಬಿಸಿಗೇ ಬೇಯುತ್ತಾ ಹೋಗುತ್ತದೆ. ನೀರು ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರವಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿಕೊಂಡು, ಗಾಳಿ ಹಿಂಡಿದ ಕವರಿಗೆ ತುಂಬಬೇಕು. ಬೇಗ ಹೆಪ್ಪುಗಟ್ಟಿದರೆ ಮಂಜಿನ ಹರಳು ಸಣ್ಣದಾಗಿರುತ್ತದೆ. ನಿಧಾನವಾದರೆ ದೊಡ್ಡದಾಗಿ ಬೆಳೆದು ಕಾಯಿಯ ಜೀವಕೋಶಗಳನ್ನೇ ಸೀಳುತ್ತದೆ.

ಬಲ್ಲವರು ಇಲ್ಲಿ ಒಂದು ಎಚ್ಚರಿಕೆ ಹೇಳುತ್ತಾರೆ: ಅರೆಬರೆ ಬಿಸಿ ತೋರಿಸುವುದಕ್ಕಿಂತ ಏನೂ ಮಾಡದಿರುವುದೇ ಮೇಲು. ಸಾಲದ ಬಿಸಿ ಕಿಣ್ವಗಳನ್ನು ಅಡಗಿಸುವ ಬದಲು ಇನ್ನಷ್ಟು ಕೆರಳಿಸುತ್ತದೆ.

ಮನೆಯೊಳಗಿನ ಮನಸ್ತಾಪಗಳನ್ನು ನಾವು ತೆಗೆದಿಡುವ ರೀತಿಗೆ ಈ ಮಾತು ನೇರವಾಗಿ ತಾಗುತ್ತದೆ. ಪಾಲಿನ ವಿಚಾರಕ್ಕೆ ಅಣ್ಣತಮ್ಮಂದಿರಲ್ಲಿ ಮಾತು ಬೆಳೆಯಿತು ಎನ್ನಿ. ‘ಮನೆಯಲ್ಲಿ ಮದುವೆ ಇದೆ, ಈಗ ಬೇಡ ಕಣಪ್ಪಾ, ಆಮೇಲೆ ಕೂತು ಮಾತಾಡೋಣ’ ಎಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಮದುವೆ ಮುಗಿಯುತ್ತದೆ, ಬೀಗರೂಟ ಮುಗಿಯುತ್ತದೆ, ಆ ‘ಆಮೇಲೆ’ ಮಾತ್ರ ಬರುವುದೇ ಇಲ್ಲ. ಹಬ್ಬಕ್ಕೆ ಬರುತ್ತಾರೆ, ಉಣ್ಣುತ್ತಾರೆ, ನಗುತ್ತಾರೆ. ಎಲ್ಲ ತಣ್ಣಗಾಯಿತು ಎಂದು ಮನೆಯವರು ನಂಬುತ್ತಾರೆ. ಹತ್ತು ವರ್ಷದ ಮೇಲೆ ಬದುವಿನ ಮೇಲಿನ ಒಂದು ಮರಕ್ಕೆ ಮಾತು ಬಂದಾಗ, ಅಂದು ಯಾರು ಯಾರಿಗೆ ಏನಂದರು ಎಂಬುದೆಲ್ಲ ಅಕ್ಷರ ಬಿಡದೆ ಹೊರಬರುತ್ತದೆ. ಅಷ್ಟೂ ವರ್ಷ ಅದು ಒಳಗೊಳಗೇ ಕೆಲಸ ಮಾಡಿರುತ್ತದೆ.

ಅರೆಬರೆ ಸಂಧಾನ ಇದಕ್ಕಿಂತ ಕೆಟ್ಟದ್ದು. ‘ಆಯ್ತು, ನನ್ನದೇ ತಪ್ಪು ಅಂತಿಟ್ಕೋ’ ಎಂದು ಕೇಳುವ ಕ್ಷಮೆ ಗಾಯವನ್ನು ಕೆದಕುತ್ತದೆ, ಮಾಯಿಸುವುದಿಲ್ಲ. ಇನ್ನು ಕೆಲವರಿಗೆ ನಿಲ್ಲಿಸುವುದೇ ಗೊತ್ತಿಲ್ಲ. ಇತ್ಯರ್ಥವಾದ ಮೇಲೂ ಅದನ್ನೇ ಎತ್ತಿ ಎತ್ತಿ ಬೇಯಿಸುತ್ತಾರೆ. ಹೇಳಬೇಕಾದ್ದನ್ನು ಎದುರು ಕೂತು ಪೂರ್ತಿ ಹೇಳುವುದಕ್ಕೆ ಧೈರ್ಯ ಬೇಕು. ಹೇಳಿಯಾದ ಮೇಲೆ ಅಲ್ಲಿಗೇ ಬಿಡುವುದಕ್ಕೆ ಸಂಯಮ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಸಂಬಂಧ ಉಳಿಯುವುದಿಲ್ಲ.

ಹಾಗಾದರೆ ತೆಗೆದಿಡುವುದೇ ತಪ್ಪೇ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಆಯ್ದಕ್ಕಿ ಲಕ್ಕಮ್ಮ ಅದನ್ನು ತಿರುಗಿ ಕೊಟ್ಟು ಬರಲು ಕಳಿಸಿದಳೆಂಬ ಕಥೆ ನಮಗೆಲ್ಲ ಗೊತ್ತು. ಆ ತಾಯಿ ನಮ್ಮ ಫ್ರೀಜರ್ ಬಾಗಿಲು ತೆಗೆದರೆ ಮೊದಲು ಕೇಳುವುದು ‘ಇಷ್ಟೊಂದು ಯಾರಿಗೆ, ಯಾವಾಗಿಗೆ’ ಎಂದೇ ಇರಬೇಕು. ನಮ್ಮ ಮಲೆನಾಡು ಕರಾವಳಿಗಳಲ್ಲಿ ಹಲಸಿನ ಉಪ್ಪುಸೊಳೆ ಹಾಕಿಡುತ್ತಿದ್ದವರ ಬಳಿ ಇದಕ್ಕೆ ಉತ್ತರವಿತ್ತು: ತರಕಾರಿ ಸಿಗದ ಮಳೆಗಾಲಕ್ಕೆ. ಹುರುಳಿಕಾಯಿಗೂ ಅಂಥದೊಂದು ಗಡುವು ಇದೆ. ಸರಿಯಾಗಿ ಬಿಸಿ ಕಂಡು, ಚಳಿ ತಪ್ಪದೆ ಉಳಿದ ಕಾಯಿ 8ರಿಂದ 12 ತಿಂಗಳು ರುಚಿ ಕೆಡದೆ ಇರುತ್ತದೆ. ಅದಕ್ಕೇ ಕವರಿನ ಮೇಲೆ ತಾರೀಖು ಬರೆಯುವುದು. ತಾರೀಖಿಲ್ಲದೆ ಮೂಲೆ ಸೇರಿದ ಕವರು ಒಂದು ದಿನ ಕಸದ ಬುಟ್ಟಿಗೇ ಹೋಗುತ್ತದೆ.

ಕೆಲವು ಮಾತುಗಳನ್ನು ಆ ಗಳಿಗೆಯಲ್ಲಿ ಆಡಲಾಗುವುದಿಲ್ಲ, ತೆಗೆದಿಡಲೇಬೇಕಾಗುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ದಿನ ಗೊತ್ತುಮಾಡದ ‘ಆಮೇಲೆ’ ಬರೀ ತಪ್ಪಿಸಿಕೊಳ್ಳುವ ದಾರಿ. ನಿಮ್ಮ ಮನೆಯಲ್ಲೂ ಅಂಥದೊಂದು ಮಾತು ಉಳಿದಿದ್ದರೆ, ಈ ವಾರವೇ ಅದಕ್ಕೊಂದು ದಿನ ನಿಗದಿ ಮಾಡಿ, ಎದುರೆದುರು ಕೂತು ಮುಗಿಸಿಬಿಡಿ.